ಒಂದೇ ಬಾಲು, ಒಂದೇ ಗೋಲ್‌ಪೋಸ್ಟು

ಬ್ಯಾಸ್ಕೆಟ್‌ಬಾಲ್‌ನಲ್ಲಿ ಹುಡುಗರಿಗೆ 7ನೇ ನಂಬರ್ ಬಾಲು, ಹುಡುಗಿಯರಿಗೆ 6ನೇ ನಂಬರ್. ವಾಲಿಬಾಲ್‌ನಲ್ಲಿ ಗಂಡಸರ ನೆಟ್ಟು 2.43 ಮೀಟರ್ ಎತ್ತರ, ಹೆಂಗಸರದ್ದು 2.24. ಶಾಟ್‌ಪುಟ್ ಗುಂಡು ಅವರಿಗೆ 7.26 ಕೆ.ಜಿ., ಇವರಿಗೆ 4 ಕೆ.ಜಿ. ಫುಟ್‌ಬಾಲ್‌ಗೆ ಬಂದರೆ ಮಾತ್ರ ಏನೂ ಬದಲಾಗಲ್ಲ. ಅದೇ 5ನೇ ನಂಬರ್ ಬಾಲು, ತೂಕ 410ರಿಂದ 450 ಗ್ರಾಂ. ಅದೇ ಗೋಲ್‌ಪೋಸ್ಟ್, 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದೇ 90 ನಿಮಿಷ, ಅದೇ ಆಫ್‌ಸೈಡ್. ರೂಲ್ ಬುಕ್ಕಿನ ಪ್ರಕಾರ ಇದು ಎರಡು ಆಟ ಅಲ್ಲವೇ ಅಲ್ಲ, ಒಂದೇ ಆಟ.

ಹಾಗಾದ್ರೆ ಹೇಳಿಕೊಡೋದೂ ಒಂದೇ ಥರ ಇರಬೇಕಲ್ವಾ? ಈ ಪ್ರಶ್ನೆ ನನ್ನ ತಲೆಯಲ್ಲಿ ಹೊಕ್ಕಿದ್ದು ಹೋದ ಸೆಮ್ ಬ್ರೇಕಿನಲ್ಲಿ. ಜನವರಿ ಫೆಬ್ರವರಿಯ ಐದು ವಾರ ನಮ್ಮೂರಿನ ಗ್ರೌಂಡಿನಲ್ಲಿ ಇಪ್ಪತ್ತೈದು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಟ್ಟೆ. ಹದಿನಾಲ್ಕು ಹುಡುಗರು, ಹನ್ನೊಂದು ಹುಡುಗಿಯರು. ಎಲ್ಲರೂ ಏಳನೇ ಕ್ಲಾಸಿಂದ ಹತ್ತನೇ ಕ್ಲಾಸಿನ ಒಳಗಿನವರು. ಆ ಐದು ವಾರದಲ್ಲಿ ನನಗೆ ಅರ್ಥ ಆಗಿದ್ದನ್ನು ಇಲ್ಲಿ ಬರೀತಿದ್ದೇನೆ.

ನಮ್ಮೂರು ನರಸಿಂಹರಾಜಪುರ. ಕ್ಲಾಸಿನಲ್ಲಿ ಊರ ಹೆಸರು ಹೇಳಿದ್ರೆ "ಮೈಸೂರು ಹತ್ರನಾ?" ಅಂತ ಕೇಳ್ತಾರೆ. ಅಲ್ಲ. ಚಿಕ್ಕಮಗಳೂರು ಜಿಲ್ಲೆ, ಭದ್ರಾ ಹಿನ್ನೀರಿನ ದಡ. ಹಳೇ ಹೆಸರು ಎಡೇಹಳ್ಳಿ. 1915ರಲ್ಲಿ ಮೈಸೂರಿನ ಯುವರಾಜರು ಕಂಠೀರವ ನರಸಿಂಹರಾಜ ಒಡೆಯರ್ ಬಂದು ಹೋದ ಮೇಲೆ ಅವರ ಹೆಸರು ಊರಿಗೆ ಬಂತು. ಈಗ ಅಷ್ಟು ಉದ್ದ ಯಾರೂ ಹೇಳಲ್ಲ, ಎಲ್ಲರಿಗೂ ಅದು ಎನ್.ಆರ್. ಪುರ. ಅಡಿಕೆ, ಕಾಫಿ, ರಬ್ಬರ್. ರಬ್ಬರ್ ಅಂದಮೇಲೆ ಕೇರಳದಿಂದ ಬಂದು ನೆಲೆಸಿದ ಮನೆಗಳೂ ಬೇಕಾದಷ್ಟಿವೆ. ನಮ್ಮ ಕಡೆ ಕ್ರಿಕೆಟ್ಟು, ವಾಲಿಬಾಲು, ಕಬಡ್ಡಿ ಎಲ್ಲ ಊರಿನದ್ದೇ ಆಟ. ಆದ್ರೆ ನಾನು ನೋಡಿದ ಮಟ್ಟಿಗೆ ಫುಟ್‌ಬಾಲ್ ಜಾಸ್ತಿ ಇದ್ದದ್ದು ರಬ್ಬರ್ ತೋಟದ ಮನೆಗಳ ಹುಡುಗರ ಕಾಲಲ್ಲಿ.

ಅವರಲ್ಲೇ ಒಬ್ಬರು ನಮ್ಮ ಗ್ರೌಂಡಿನ ಮೇಷ್ಟ್ರು. ವಯಸ್ಸು ಅರವತ್ತು ದಾಟಿದೆ, ಎಲ್ಲರೂ ಅವರನ್ನು ಚೇಟ ಅಂತಲೇ ಕರೆಯೋದು. ಯಾವ ಡಿಗ್ರಿ, ಲೈಸೆನ್ಸೂ ಇಲ್ಲ. ಸಂಜೆ ನಾಲ್ಕೂವರೆಗೆ ಜೀಪು ತಂದು ಬೇಲಿ ಪಕ್ಕ ನಿಲ್ಲಿಸಿ, ಹಿಂದಿನ ಸೀಟಿಂದ ಬಲೆಚೀಲದಲ್ಲಿ ನಾಲ್ಕು ಬಾಲು ಇಳಿಸಿದರೆ ಪ್ರಾಕ್ಟೀಸ್ ಶುರು. ನಾನೂ ಚಿಕ್ಕವಳಿದ್ದಾಗ ಅಣ್ಣನ ಹಿಂದೆ ಹೋಗಿ ಅಲ್ಲೇ ಒದೆಯೋದು ಕಲಿತಿದ್ದು. ಈಗ ನಮ್ಮ ಕಾಲೇಜಿನ ಹುಡುಗಿಯರ ಟೀಮಲ್ಲಿ ಲೆಫ್ಟ್ ಬ್ಯಾಕ್ ಆಡ್ತೀನಿ.

ಜನವರಿಯಲ್ಲಿ ಊರಿಗೆ ಹೋದಾಗ ಚೇಟ ದಾರಿಯಲ್ಲಿ ಜೀಪು ನಿಲ್ಲಿಸಿ ಹೇಳಿದ್ರು: "ಈ ವರ್ಷ ಹುಡುಗೀರು ಹತ್ತು ಹನ್ನೊಂದು ಜನ ಬರ್ತಾ ಇದಾರೆ ಮೋಳೆ. ಹುಡುಗರಿಗಾದ್ರೆ ನಾನು ಹೇಳಿಕೊಡ್ತೇನೆ. ಇವರಿಗೆ ಹೇಗೆ ಹೇಳೋದು ಅಂತ ನನಗೆ ಗೊತ್ತಾಗೋದಿಲ್ಲ. ನೀನು ನೋಡಿಕೋ."

ನಾನು ಕೇಳಿದೆ, "ಯಾಕೆ ಚೇಟ, ಅವರಿಗೆ ಬೇರೆ ಥರ ಹೇಳಬೇಕಾ?"

"ಬೇರೆ ಅಲ್ವಾ?" ಅಂದ್ರು. ಅವರ ಮಟ್ಟಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

ಮೊದಲನೇ ವಾರ ನನಗೂ ಚೇಟ ಹೇಳಿದ್ದು ಸರಿ ಅನ್ನಿಸ್ತು. ಹುಡುಗರು ಬಾಲ್ ಸಿಕ್ಕ ಕೂಡಲೇ ತಲೆ ತಗ್ಗಿಸಿಕೊಂಡು ಓಡೋದು, ಮೂರು ಜನರ ಮಧ್ಯೆ ನುಗ್ಗೋದು, ಪಾಸ್ ಅನ್ನೋ ಶಬ್ದವೇ ಗೊತ್ತಿಲ್ಲದವರ ಥರ. ಹುಡುಗಿಯರು ಬಾಲ್ ಬಂದ ಕೂಡಲೇ ಕೈಗೆ ಬಿಸಿ ಪಾತ್ರೆ ಬಂದ ಹಾಗೆ ಇನ್ನೊಬ್ಬರಿಗೆ ದಾಟಿಸಿಬಿಡೋದು. ಹುಡುಗರಿಗೆ ಒಂದು ಡ್ರಿಲ್ ಹೇಳಿದ್ರೆ "ಹ್ಞೂಂ" ಅಂದು ಓಡಿಹೋಗಿ ತಮಗೆ ಬೇಕಾದ್ದು ಮಾಡ್ತಿದ್ದರು. ಹುಡುಗಿಯರು "ಅಕ್ಕಾ, ಇದು ಯಾಕೆ ಮಾಡೋದು?" ಅಂತ ಕೇಳಿ, ಅರ್ಥ ಆದಮೇಲೆ ಹೇಳಿದ ಹಾಗೇ ಮಾಡ್ತಿದ್ದರು. ಹುಡುಗಿಯರ ಟೀಮ್ ಕೋಚ್ ಮಾಡಿದವರು ಎಲ್ಲಾ ಕಡೆ ಹೇಳೋ ಮಾತೂ ಇದೇ: ಅವರು ಕಾರಣ ಕೇಳ್ತಾರೆ, ಟೀಮಾಗಿ ಆಡ್ತಾರೆ, ರಿಸ್ಕ್ ತಗೊಳ್ಳಲ್ಲ.

ಎರಡನೇ ವಾರ ಒಂದು ವಿಷಯ ಗಮನಕ್ಕೆ ಬಂತು. ಹದಿನಾಲ್ಕು ಹುಡುಗರಲ್ಲಿ ಒಂಬತ್ತು ಜನ ನಡೆಯೋಕೆ ಬಂದಾಗಿನಿಂದ ಒದ್ದವರು. ಉಳಿದ ಐದು ಜನ ಅದೇ ತಿಂಗಳು ಮೊದಲ ಸಲ ಬೂಟು ಹಾಕಿದವರು. ಆ ಐದು ಜನರನ್ನು ಮಾತ್ರ ಬೇರೆಯಾಗಿ ನೋಡಿದೆ. ಬಾಲ್ ಬಂದ ಕೂಡಲೇ ದಾಟಿಸಿಬಿಡ್ತಿದ್ದರು! "ಅಕ್ಕಾ, ಎಲ್ಲಿಗೆ ನಿಲ್ಲಲಿ?" ಅಂತ ಕೇಳ್ತಿದ್ದರು. ಹೆಡ್ಡರ್ ಅಂದ್ರೆ ಕಣ್ಣು ಮುಚ್ಚುತ್ತಿದ್ದರು. ಹುಡುಗಿಯರಲ್ಲಿ ಇಬ್ಬರಿಗೆ ಮನೆಯಲ್ಲಿ ಅಣ್ಣಂದಿರು, ಅಂಗಳದಲ್ಲಿ ಅವರ ಜೊತೆ ಆಡಿ ಬೆಳೆದವರು. ಆ ಇಬ್ಬರೂ ತಲೆ ತಗ್ಗಿಸಿ ಮೂರು ಜನರ ಮಧ್ಯೆ ನುಗ್ಗುತ್ತಿದ್ದರು. ಅವರಿಗೆ ಪಾಸ್ ಮಾಡು ಅಂತ ಕಿರುಚಿ ಕಿರುಚಿ ನನ್ನ ಗಂಟಲು ಕೂತಿತು.

ಅಂದ್ರೆ ನಾನು ಗಂಡು ಹೆಣ್ಣಿನ ಸ್ವಭಾವ ಅಂದುಕೊಂಡಿದ್ದು ನಿಜವಾಗಿ ಕಾಲಿಗೆ ಬಾಲು ತಾಗಿದ ವರ್ಷಗಳ ಲೆಕ್ಕ. ಎಂಟು ವರ್ಷ ಒದ್ದವರು ಒಂದು ಥರ, ಎಂಟು ದಿನ ಒದ್ದವರು ಇನ್ನೊಂದು ಥರ. ನಮ್ಮೂರಲ್ಲಿ ಎಂಟು ವರ್ಷ ಒದ್ದವರು ಹೆಚ್ಚಿನವರು ಹುಡುಗರು ಅನ್ನೋದು ನಿಜ. ಆದ್ರೆ ಅದು ಹುಟ್ಟಿನಿಂದ ಬಂದದ್ದಲ್ಲ, ಶಾಲೆಯಿಂದ ಬಂದದ್ದು. ಪಿ.ಟಿ. ಪೀರಿಯಡ್ ಅಂದ್ರೆ ಹುಡುಗರು ಗ್ರೌಂಡಿಗೆ ಓಡಬೇಕು, ಹುಡುಗಿಯರು ಮರದ ಕೆಳಗೆ ಥ್ರೋಬಾಲ್ ಆಡಬೇಕು. ಹತ್ತು ವರ್ಷ ಹೀಗೆ ಬೇರೆ ಮಾಡಿಟ್ಟು, ಹನ್ನೊಂದನೇ ವರ್ಷ ನೋಡಿ "ಇವರಿಗೆ ಕಾಲಲ್ಲಿ ಕಂಟ್ರೋಲ್ ಇಲ್ಲ" ಅನ್ನೋದು ಎಂಥ ನ್ಯಾಯ ಮಾರಾಯ್ರೆ?

ಇದು ನಮ್ಮೂರಿಗಷ್ಟೇ ಸೀಮಿತವಾದ ಕಥೆಯೂ ಅಲ್ಲ. ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್ 26ರಂದು ಡಿಕ್, ಕೆರ್ ಲೇಡೀಸ್ ಅನ್ನೋ ಫ್ಯಾಕ್ಟರಿ ಹುಡುಗಿಯರ ತಂಡದ ಮ್ಯಾಚ್ ನೋಡೋಕೆ ಗುಡಿಸನ್ ಪಾರ್ಕಿನಲ್ಲಿ ಸುಮಾರು 53,000 ಜನ ಸೇರಿದ್ದರು. ಮರುವರ್ಷ, 1921ರ ಡಿಸೆಂಬರ್‌ನಲ್ಲಿ ಅಲ್ಲಿನ ಫುಟ್‌ಬಾಲ್ ಅಸೋಸಿಯೇಶನ್, ಈ ಆಟ ಹೆಂಗಸರಿಗೆ ತಕ್ಕುದಲ್ಲ ಅಂತ ಹೇಳಿ ತನ್ನ ಕ್ಲಬ್ಬುಗಳ ಗ್ರೌಂಡುಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಮತ್ತೆ ತೆರೆಯೋಕೆ ಐವತ್ತು ವರ್ಷ ಬೇಕಾಯ್ತು. ಜರ್ಮನಿಯಲ್ಲಿ 1955ರಿಂದ 1970ರವರೆಗೆ ನಿಷೇಧ. ಫುಟ್‌ಬಾಲ್ ಅಂದ್ರೆ ಬ್ರೆಜಿಲ್ ಅಂತೀವಲ್ಲ, ಅಲ್ಲೂ 1941ರಿಂದ 1979ರವರೆಗೆ ಹೆಂಗಸರು ಆಡೋದು ಕಾನೂನಿಗೆ ವಿರುದ್ಧ. ನಮ್ಮ ದೇಶದಲ್ಲಿ ಗಂಡಸರ ನ್ಯಾಷನಲ್ ಲೀಗ್ ಶುರುವಾಗಿದ್ದು 1996ರಲ್ಲಿ, ಇಂಡಿಯನ್ ವಿಮೆನ್ಸ್ ಲೀಗ್ 2017ರಲ್ಲಿ. ನಮ್ಮ ಹುಡುಗಿಯರು ಎಂಟು ವರ್ಷ ಹಿಂದೆ ಬಿದ್ದಿದ್ದರೆ, ಹೆಂಗಸರ ಇಡೀ ಆಟವೇ ಹೀಗೆ ದಶಕಗಳ ಲೆಕ್ಕದಲ್ಲಿ ಹಿಂದೆ ಬಿದ್ದು ಓಡ್ತಿದೆ.

ಎಲ್ಲಾ ವ್ಯತ್ಯಾಸವೂ ಅಭ್ಯಾಸದ್ದು ಅಂದ್ರೆ ಅದೂ ಪೂರ್ತಿ ಸರಿಯಲ್ಲ. ದೇಹ ಅನ್ನೋದು ಒಂದಿದೆ. ಅದರಲ್ಲಿ ಮುಖ್ಯವಾದದ್ದು ಮಂಡಿ.

ಎ.ಸಿ.ಎಲ್. ಅನ್ನೋ ಹೆಸರನ್ನು ಫುಟ್‌ಬಾಲ್ ನೋಡುವವರೆಲ್ಲ ಕೇಳಿರ್ತೀರಿ. ತೊಡೆಮೂಳೆಯನ್ನು ಕೆಳಗಿನ ಕಾಲುಮೂಳೆಗೆ ಹಿಡಿದಿಡುವ, ಮಂಡಿಯ ಒಳಗಿರುವ ಒಂದು ಲಿಗಮೆಂಟ್ ಅದು. ಓಡ್ತಾ ಓಡ್ತಾ ಥಟ್ ಅಂತ ದಿಕ್ಕು ಬದಲಿಸಿದಾಗ, ಹಾರಿ ನೆಲಕ್ಕೆ ಇಳಿದಾಗ, ಯಾರೂ ತಾಗದೇನೇ ಅದು ಹರಿದುಹೋಗಬಹುದು. ಆಮೇಲೆ ಆಪರೇಶನ್, ಎಂಟು ಒಂಬತ್ತು ತಿಂಗಳು ಅಥವಾ ಇನ್ನೂ ಹೆಚ್ಚು ಮನೆ. ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಕೆಲವು ಪಟ್ಟು ಹೆಚ್ಚು ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. 2023ರ ಮಹಿಳಾ ವರ್ಲ್ಡ್ ಕಪ್ ಹೊತ್ತಿಗೆ ಆರ್ಸೆನಲ್ ಒಂದೇ ಕ್ಲಬ್ಬಿನಿಂದ ಲಿಯಾ ವಿಲಿಯಮ್ಸನ್, ಬೆತ್ ಮೀಡ್, ವಿವಿಯಾನೆ ಮೀಡೆಮಾ ಮೂವರೂ ಇದೇ ಮಂಡಿ ಹಿಡಿದುಕೊಂಡು ಮನೆಯಲ್ಲಿ ಕೂತಿದ್ದರು.

ಕಾರಣ ಒಂದೇ ಅಲ್ಲ. ಸೊಂಟದ ಅಗಲ, ಹಾರ್ಮೋನು, ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳ ಬಲದ ಅಂತರ ಎಲ್ಲಾ ಚರ್ಚೆಯಲ್ಲಿವೆ. ನನಗೆ ಅರ್ಥ ಆಗಿದ್ದು ಲ್ಯಾಂಡಿಂಗ್. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ, ನೆಲ ಕೊಡುವ ರಿಯಾಕ್ಷನ್ ಫೋರ್ಸಿನ ಗೆರೆ ಮಂಡಿಯ ಮಧ್ಯದಿಂದ ಪಕ್ಕಕ್ಕೆ ಸರಿಯುತ್ತದೆ. ಫೋರ್ಸ್ ಅಷ್ಟೇ ಇದ್ದರೂ ದೂರ ಹೆಚ್ಚಿದಷ್ಟೂ ಮೊಮೆಂಟ್ ಹೆಚ್ಚು. ಫಸ್ಟ್ ಇಯರ್ ಮೆಕ್ಯಾನಿಕ್ಸಿನಲ್ಲಿ ಬೀಮಿಗೆ ಹಾಕಿದ ಲೆಕ್ಕವೇ, ಇಲ್ಲಿ ಬೀಮಿನ ಬದಲು ಒಬ್ಬಳ ಕಾಲು ಇದೆ ಅಷ್ಟೆ.

ಇದಕ್ಕೆ ಮದ್ದೂ ಇದೆ, ಅದೂ ಪುಕ್ಕಟೆ. ಫಿಫಾ 11 ಪ್ಲಸ್ ಅನ್ನೋ ವಾರ್ಮ್‌ಅಪ್. ಸುಮಾರು ಇಪ್ಪತ್ತು ನಿಮಿಷ: ಎಂಟು ನಿಮಿಷ ನಿಧಾನ ಓಟ, ಹತ್ತು ನಿಮಿಷ ಬಲ, ಬ್ಯಾಲೆನ್ಸ್ ಮತ್ತು ಜಿಗಿತ, ಎರಡು ನಿಮಿಷ ಜೋರು ಓಟ. ಬಾಲು ಮತ್ತು ನೆಲ ಬಿಟ್ಟರೆ ಬೇರೇನೂ ಬೇಕಾಗಿಲ್ಲ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಟೀಮುಗಳಲ್ಲಿ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆ, ದೊಡ್ಡ ಗಾಯಗಳು ಹತ್ತಿರ ಹತ್ತಿರ ಅರ್ಧ ಕಡಿಮೆ.

ಚೇಟನ ವಾರ್ಮ್‌ಅಪ್ ಅಂದ್ರೆ ಗ್ರೌಂಡಿಗೆ ಮೂರು ಸುತ್ತು. ನಾನು ಹುಡುಗಿಯರಿಗೆ 11 ಪ್ಲಸ್ ಶುರು ಮಾಡಿಸಿದಾಗ ಹುಡುಗರು ಬೇಲಿ ಹತ್ರ ನಿಂತು ನಗಾಡಿದ್ದರು. ಮೂರನೇ ದಿನ ಚೇಟ ಅವರನ್ನೂ ಸಾಲಿಗೆ ಸೇರಿಸಿದ್ರು. "ಮಂಡಿ ಎಲ್ಲರಿಗೂ ಎರಡೇ ಅಲ್ವಾ" ಅಂದ್ರು. ಹುಡುಗಿಯರಿಗೆ ಬೇಕು ಅಂತ ತಂದದ್ದು ಕೊನೆಗೆ ಎಲ್ಲರದ್ದೂ ಆಯ್ತು.

ಪೀರಿಯಡ್ಸ್ ವಿಷಯದಲ್ಲೂ ಹೀಗೇ ಆಯ್ತು. 2019ರ ವರ್ಲ್ಡ್ ಕಪ್ ಗೆದ್ದ ಅಮೆರಿಕ ತಂಡದಲ್ಲಿ ಆಟಗಾರ್ತಿಯರ ಸೈಕಲ್ ನೋಡಿಕೊಂಡು ನಿದ್ದೆ, ಊಟ, ವಿಶ್ರಾಂತಿಯ ಪ್ಲಾನ್ ಮಾಡ್ತಿದ್ದರು. ಚೆಲ್ಸಿಯಲ್ಲಿ ಎಮ್ಮಾ ಹೇಯ್ಸ್ ಆ್ಯಪ್ ಹಿಡಿದು ಇದನ್ನೇ ಮಾಡಿದ್ರು. ಇಂಗ್ಲೆಂಡ್ ತಂಡ 2023ರಲ್ಲಿ ಬಿಳಿ ಚಡ್ಡಿ ಬಿಟ್ಟು ನೀಲಿ ಹಾಕಿಕೊಂಡಿತು. ನಮ್ಮೂರಲ್ಲಿ ಆ್ಯಪ್ ಎಲ್ಲ ಆಗದ ಮಾತು. ಮೊದಲ ವಾರ ಇಬ್ಬರು "ಹೊಟ್ಟೆನೋವು" ಅಂತ ಹೇಳಿ ಕಳಿಸಿ ಬರಲೇ ಇಲ್ಲ. ಚೇಟನಿಗೆ ಕೇಳೋಕೆ ಸಂಕೋಚ, ಅವರಿಗೆ ಹೇಳೋಕೆ ಸಂಕೋಚ.

ಅದಕ್ಕೆ ಒಂದು ನಿಯಮ ಮಾಡಿದೆ. ಯಾರು ಬೇಕಾದ್ರೂ ಬಂದು "ಇವತ್ತು ಅರ್ಧ" ಅನ್ನಬಹುದು. ಕಾರಣ ಕೇಳಂಗಿಲ್ಲ. ಅರ್ಧ ಅಂದವರು ಓಟ, ಜಿಗಿತ ಬಿಟ್ಟು ಪಾಸಿಂಗ್ ಮಾತ್ರ ಮಾಡಬೇಕು, ಇಲ್ಲಾ ಸೀಟಿ ಹಿಡಿದು ರೆಫರಿ ಆಗಬೇಕು. ಮನೆಯಲ್ಲಿ ಕೂರೋ ಬದಲು ಗ್ರೌಂಡಿಗೆ ಬಂದರೆ ಸಾಕು ಅನ್ನೋದು ನನ್ನ ಲೆಕ್ಕ. ಹತ್ತು ದಿನದಲ್ಲಿ ಹುಡುಗರೂ ಅದನ್ನು ಬಳಸೋಕೆ ಶುರು ಮಾಡಿದ್ರು. ಒಬ್ಬ ಹುಡುಗ ಬೆಳಗ್ಗೆ ಐದಕ್ಕೆ ಎದ್ದು ಡೈರಿಗೆ ಹಾಲು ಹಾಕಿ, ಸ್ಕೂಲು ಮುಗಿಸಿ, ಪ್ರಾಕ್ಟೀಸಿಗೆ ಬರ್ತಿದ್ದ. ಅವನು ಸುಸ್ತಾಗಿದ್ದೀನಿ ಅಂತ ಅಲ್ಲಿಯವರೆಗೆ ಒಂದು ದಿನವೂ ಹೇಳಿರಲಿಲ್ಲ. ಹುಡುಗರಿಗೆ ಹಾಗೆ ಹೇಳೋಕೆ ನಾವು ಜಾಗವೇ ಕೊಟ್ಟಿರಲ್ಲ ಅನ್ನೋದು ಅವತ್ತು ಹೊಳೀತು.

ಬೈಗುಳದ ವಿಷಯ ಇನ್ನೂ ಸೂಕ್ಷ್ಮ. ಚೇಟ ಬೈದರೆ ಹುಡುಗರು ಹಲ್ಲು ಕಿರಿದು ಓಡಿಹೋಗ್ತಾರೆ. ಒಂದಿನ ಒಬ್ಬ ಹುಡುಗಿ ಖಾಲಿ ಗೋಲಿಗೆ ಹೊಡೆಯೋಕೆ ಹೋಗಿ ಬಾಲನ್ನು ಹೊರಗೆ ಹೊಡೆದಳು. ಚೇಟ ಕೂಗಿದ್ರು. ಅವಳ ಕಣ್ಣಲ್ಲಿ ನೀರು. "ನೋಡು, ಇದಕ್ಕೇ ನಾನು ಹೇಳಿದ್ದು, ಇವರಿಗೆ ಬೈಯೋ ಹಾಗಿಲ್ಲ" ಅಂದ್ರು ಚೇಟ. ಆಮೇಲೆ ನಾನು ಅವಳ ಹತ್ರ ಕೂತು ಕೇಳಿದೆ. ಅವಳು ಹೇಳಿದ್ದು, "ಚೇಟ ಬೈದಿದ್ದಕ್ಕಲ್ಲ ಅಕ್ಕಾ. ರೋಡಲ್ಲಿ ನಿಂತಿದ್ದೋರು, 'ಹುಡುಗೀರ ಆಟ ಇಷ್ಟೇ' ಅಂದ್ರು."

ಹುಡುಗ ಗೋಲ್ ಮಿಸ್ ಮಾಡಿದರೆ ಅದು ಅವನೊಬ್ಬನ ಮಿಸ್. ಹುಡುಗಿ ಮಿಸ್ ಮಾಡಿದರೆ ಅದು ಎಲ್ಲಾ ಹುಡುಗಿಯರ ಮಿಸ್. ಹದಿಮೂರು ವರ್ಷದವಳು ಕಾಲಲ್ಲಿ ಬಾಲಿನ ಜೊತೆ ಇಷ್ಟು ದೊಡ್ಡ ಭಾರ ಇಟ್ಟುಕೊಂಡು ಒದೀಬೇಕು. ಅಂಥವಳು ಡ್ರಿಬಲ್ ಮಾಡೋಕೆ ಯಾಕೆ ಧೈರ್ಯ ಮಾಡ್ತಾಳೆ? ಸುಮ್ಮನೆ ಪಾಸ್ ಮಾಡಿ ಕೈತೊಳೆದುಕೊಳ್ತಾಳೆ. ನಾವದಕ್ಕೆ "ಟೀಮಾಗಿ ಆಡ್ತಾರೆ" ಅಂತ ಒಳ್ಳೇ ಹೆಸರು ಕೊಡ್ತೀವಿ.

ಮರುದಿನದಿಂದ ಹುಡುಗಿಯರ ಪ್ರಾಕ್ಟೀಸನ್ನು ರೋಡಿಂದ ದೂರದ ಗೋಲ್‌ಪೋಸ್ಟಿಗೆ ಸಾಗಿಸಿದೆ. ನಾಲ್ಕು ಜನಕ್ಕೆ ನಾಲ್ಕು ಜನ, ಸಣ್ಣ ಜಾಗದಲ್ಲಿ ಆಟ. ಮೂರು ಜನರನ್ನು ದಾಟೋಕೆ ಹೋಗಿ ಬಾಲ್ ಕಳಕೊಂಡರೂ ಒಂದು ಪಾಯಿಂಟು, ದಾಟಿದರೆ ಎರಡು. ಆಡದೇ ಪಾಸ್ ಮಾಡಿದರೆ ಸೊನ್ನೆ. ಹುಡುಗರಿಗೆ ಇದರ ಉಲ್ಟಾ ನಿಯಮ: ಐದು ಪಾಸ್ ಆಗದೇ ಗೋಲಿಗೆ ಹೊಡೆಯಂಗಿಲ್ಲ. ಹೊಸದಾಗಿ ಸೇರಿದ್ದ ಐದು ಹುಡುಗರನ್ನು ಹುಡುಗಿಯರ ನಿಯಮಕ್ಕೆ ಹಾಕಿದೆ, ಅಣ್ಣಂದಿರ ಜೊತೆ ಆಡಿ ಬೆಳೆದ ಇಬ್ಬರು ಹುಡುಗಿಯರನ್ನು ಹುಡುಗರ ನಿಯಮಕ್ಕೆ. ಮೂರು ವಾರ ಕಳೆಯುವಷ್ಟರಲ್ಲಿ ಚೇಟನೂ "ಹುಡುಗರು, ಹುಡುಗೀರು" ಅನ್ನೋದು ಬಿಟ್ಟು "ಒಂದ್ ಪಾಯಿಂಟಿನವರು, ಐದ್ ಪಾಸಿನವರು" ಅಂತ ಕರೆಯೋಕೆ ಶುರು ಮಾಡಿದ್ರು.

ಇಷ್ಟೇ ಆಗಿದ್ರೆ ಈ ಲೇಖನ ಇಲ್ಲಿಗೇ ಮುಗೀತಿತ್ತು. ವಾರ್ಮ್‌ಅಪ್ ಬದಲಿಸಿ, ಡ್ರಿಲ್ ಬದಲಿಸಿ, ಎಲ್ಲಾ ಸರಿಹೋಯ್ತು ಅಂತ. ಆದ್ರೆ ನಿಜವಾದ ವ್ಯತ್ಯಾಸ ಸಿಕ್ಕಿದ್ದು ಗ್ರೌಂಡಿನ ಹೊರಗೆ.

ಜನವರಿ ಅಂದ್ರೆ ನಮ್ಮ ಕಡೆ ಅಡಿಕೆ ಕೊಯ್ಲು. ಸಂಜೆಯಾದರೆ ಅಂಗಳದಲ್ಲಿ ಹೆಂಗಸರೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯೋಕೆ ಕೂರ್ತಾರೆ. ಹುಡುಗ ಬಾಲ್ ಹಿಡಿದು ಹೊರಟರೆ "ಕತ್ತಲಾಗೋದರೊಳಗೆ ಬಾ" ಅಂತಾರೆ. ಹುಡುಗಿ ಹೊರಟರೆ "ಒಂದು ಬುಟ್ಟಿ ಸುಲಿದು ಹೋಗು" ಅಂತಾರೆ. ಬುಟ್ಟಿ ಖಾಲಿಯಾಗೋ ಹೊತ್ತಿಗೆ ಐದೂಕಾಲು. ಐದು ಮುಕ್ಕಾಲಿಗೆ ಶೆಟ್ಟಿಕೊಪ್ಪದ ಕಡೆ ಹೋಗುವವರು ಬಸ್ಸಿಗೆ ಓಡಬೇಕು. ಪ್ರಾಕ್ಟೀಸ್ ಆದದ್ದು ಎಷ್ಟು? ಅರ್ಧ ಗಂಟೆ. ಹುಡುಗರಿಗೆ ಒಂದೂವರೆ ಗಂಟೆ. ಐದು ವಾರದಲ್ಲಿ ಈ ಅಂತರ ಎಷ್ಟು ಬೆಳೀತು ಅಂತ ಲೆಕ್ಕ ಹಾಕೋಕೆ ಇಂಜಿನಿಯರಿಂಗ್ ಬೇಕಾಗಿಲ್ಲ.

ಟಾಯ್ಲೆಟ್ಟಿನ ವಿಷಯ ಬೇರೆ. ಸ್ಕೂಲು ಬಿಟ್ಟ ಮೇಲೆ ಅದಕ್ಕೆ ಬೀಗ. ಹುಡುಗರಿಗೆ ತೋಟ ಇದೆ. ಹುಡುಗಿಯರು ಮಧ್ಯಾಹ್ನದಿಂದ ನೀರೇ ಕುಡಿಯದೆ ಬರ್ತಿದ್ದರು. ಬಿಸಿಲಲ್ಲಿ ನೀರು ಕುಡಿಯದೆ ಓಡಿದರೆ ಹಾಗೇ ಸುಸ್ತಾಗ್ತದೆ. ನೋಡಿದವರು "ಹುಡುಗೀರಿಗೆ ಸ್ಟ್ಯಾಮಿನಾ ಕಮ್ಮಿ" ಅಂದ್ರು. ಬೀಗದ ಕೈ ಯಾರ ಹತ್ರ ಇದೆ ಅಂತ ಹುಡುಕಿ, ದಿನಾ ಇಸ್ಕೊಂಡು ವಾಪಸ್ ಕೊಡೋ ಕೆಲಸ ಹಿಡಿದ ಮೇಲೆ ಅರ್ಧ ಸ್ಟ್ಯಾಮಿನಾ ತಾನಾಗೇ ಬಂತು. ಇದು ಯಾವ ಕೋಚಿಂಗ್ ಕೋರ್ಸಿನ ಸಿಲಬಸ್ಸಿನಲ್ಲಿ ಬರ್ತದೆ?

ನಾಲ್ಕನೇ ವಾರ ಎರಡು ಪೆಟ್ಟಾದವು. ಒಬ್ಬ ಹುಡುಗ ಬಿದ್ದು ಮಣಿಕಟ್ಟು ಮುರ್ಕೊಂಡ. ಎರಡು ದಿನದ ನಂತರ ಬ್ಯಾಂಡೇಜು ಕಟ್ಟಿದ ಕೈ ಇಟ್ಟುಕೊಂಡು ಗ್ರೌಂಡಿಗೆ ಬಂದು ಕೂತ. ಅವನಪ್ಪನೇ ಬೈಕಲ್ಲಿ ಬಿಟ್ಟು ಹೋಗಿದ್ದರು. ಅದೇ ವಾರ ನಮ್ಮ ಗೋಲ್‌ಕೀಪರ್ ಹುಡುಗಿಗೆ ಕಾಲು ಉಳುಕಿತು. ಮೂಳೆಗೆ ಏನೂ ಆಗಿರಲಿಲ್ಲ, ಒಂದು ವಾರ ವಿಶ್ರಾಂತಿ ಸಾಕು ಅಂದಿದ್ದರು ಡಾಕ್ಟ್ರು. ವಾರ ಕಳೆದರೂ ಅವಳು ಬರಲಿಲ್ಲ.

ಹತ್ತನೇ ಕ್ಲಾಸಿನವಳು. ನಾನು ನೋಡಿದ ಕೀಪರ್‌ಗಳಲ್ಲೇ ಅವಳಷ್ಟು ಬೇಗ ಕಲಿತವರು ಇಲ್ಲ. ಎತ್ತರ ಐದಡಿ ಎರಡಿಂಚು. ಗೋಲ್‌ಪೋಸ್ಟ್ ಎಂಟಡಿ. ತಲೆ ಮೇಲೆ ಬರುವ ಬಾಲಿಗೆ ಕೈ ಸಿಗಲ್ಲ. ಎತ್ತರದ ಕೀಪರ್ ಲೈನಿನ ಮೇಲೆ ನಿಂತು ಹಾರಬಹುದು, ಅವಳು ಹಾಗೆ ಮಾಡೋ ಹಾಗಿಲ್ಲ. ಅದಕ್ಕೆ ನಾವು ಎರಡು ಹೆಜ್ಜೆ ಮುಂದೆ ನಿಂತು ಕೋನ ಕಡಿಮೆ ಮಾಡೋದು, ಬಾಲ್ ಹೊಡೆಯೋ ಮೊದಲೇ ಸ್ಟ್ರೈಕರ್‌ನ ಸೊಂಟ ನೋಡಿ ದಿಕ್ಕು ಊಹಿಸೋದು, ಬಾಲ್ ಮೇಲೆ ಹೋಗುವಾಗ ಪಕ್ಕಕ್ಕೆ ಅಡ್ಡ ಹೆಜ್ಜೆ ಹಾಕಿ ಹಿಂದೆ ಓಡೋದು ಕಲಿತೆವು. ಸಂಜೆ ಹೊತ್ತು ನೆಲದಲ್ಲಿ ಕಡ್ಡಿಯಿಂದ ತ್ರಿಕೋನ ಬರೆದು ಅವಳಿಗೆ ತೋರಿಸ್ತಿದ್ದೆ. ಕಾಲೇಜಿನಲ್ಲಿ ನನಗೆ ಇಷ್ಟ ಆಗದ ಜ್ಯಾಮಿತಿ ಅಲ್ಲಿ ಇಷ್ಟ ಆಯ್ತು. 1980ರ ಆಸುಪಾಸಿನಲ್ಲಿ ನಮ್ಮ ಕರ್ನಾಟಕದ ಚಿತ್ರಾ ಗಂಗಾಧರನ್ ಭಾರತ ತಂಡದ ಗೋಲ್‌ಕೀಪರ್ ಆಗಿದ್ದರು ಅಂತ ಒಂದಿನ ಹೇಳಿದ್ದೆ. ಕಲ್ಲಿಕೋಟೆಯಲ್ಲಿ ನಡೆದ ಏಷ್ಯನ್ ಟೂರ್ನಮೆಂಟಿನಲ್ಲಿ ಭಾರತದ ಹುಡುಗಿಯರು ಫೈನಲ್‌ವರೆಗೆ ಹೋಗಿದ್ದು ಆ ಕಾಲದಲ್ಲೇ. "ಹೌದಾ ಅಕ್ಕಾ? ನಮ್ಮ ಬುಕ್ಕಲ್ಲಿ ಇಲ್ವಲ್ಲ" ಅಂದಿದ್ದಳು.

ಅವಳ ಮನೆಗೆ ನಾನೂ ಚೇಟನೂ ಹೋದೆವು. ಅವಳು ಒಳಗಿಂದ ಟೀ ತಂದಿಟ್ಟಳು, ಕುಂಟುತ್ತಿರಲಿಲ್ಲ. ಅವಳಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲೀತಾ ಹೇಳಿದ್ರು: "ಗಂಡು ಹುಡುಗ್ರು ಕೈ ಮುರ್ಕೊಂಡ್ರೆ ನಡೀತದೆ ಮಗಾ. ಹೆಣ್ಣು ಹುಡುಗಿ ಕಾಲು ಮುರ್ಕೊಂಡ್ರೆ ನಾಳೆ ಕೇಳೋಕೆ ಬಂದವರಿಗೆ ಎಂತ ಹೇಳದು?" ಅವಳಮ್ಮ ಅಷ್ಟು ದೂರ ಹೋಗಲಿಲ್ಲ. ಅವರ ಚಿಂತೆ ಬೇರೆ. "ಪಬ್ಲಿಕ್ ಪರೀಕ್ಷೆ ಹತ್ರ ಬಂತು. ಅದೂ ಅಲ್ಲದೆ ಬಸ್ಸಿಳಿದು ಮನೆಗೆ ಬರೋ ದಾರೀಲಿ ಕಾಡು. ಕತ್ತಲಾಗ್ತದೆ. ಆನೆ ಬೇರೆ ಓಡಾಡ್ತಾ ಇದೆ ಅಂತಾರೆ."

ನನ್ನ ಹತ್ರ ಮಾತು ಬೇಕಾದಷ್ಟಿತ್ತು. ಸಮಾನತೆ, ಒಲಿಂಪಿಕ್ಸು, ಸ್ಪೋರ್ಟ್ಸ್ ಕೋಟಾ ಎಲ್ಲಾ. ಒಂದೊಂದಾಗಿ ಹೇಳಿದೆ. ಯಾವುದೂ ಕೆಲಸ ಮಾಡಲಿಲ್ಲ. ಅಜ್ಜಿ ಸುಲಿಯೋದು ನಿಲ್ಲಿಸಲೂ ಇಲ್ಲ. ಚೇಟ ಟೀ ಕುಡಿದು ಲೋಟ ಕೆಳಗಿಟ್ಟು, "ವಾರಕ್ಕೆ ಎರಡು ದಿನ ಸಾಕು. ಸಂಜೆ ನನ್ನ ಜೀಪಲ್ಲಿ ಮನೆ ಬಾಗಿಲಿಗೆ ತಂದು ಬಿಡ್ತೇನೆ. ಇವಳೂ ಜೊತೆಗೆ ಇರ್ತಾಳೆ" ಅಂತ ನನ್ನ ಕಡೆ ಕೈ ತೋರಿಸಿದ್ರು. ಅವಳಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬುಧವಾರ, ಶನಿವಾರ ಆದ್ರೆ ಆಗಬಹುದು" ಅಂದ್ರು.

ವಾಪಸ್ ಬರ್ತಾ ಜೀಪಲ್ಲಿ ಚೇಟ ಹೇಳಿದ ಮಾತು ನನಗೆ ಮರೆಯಲ್ಲ. "ಇಪ್ಪತ್ತು ವರ್ಷದಿಂದ ಹುಡುಗರನ್ನ ಆಡಿಸ್ತಾ ಇದೇನೆ. ಒಬ್ಬನ ಮನೆಗೂ ಹೋಗಿ ಕೇಳಿದ್ದಿಲ್ಲ."

ಅವರು ಮೊದಲ ದಿನ "ಬೇರೆ ಅಲ್ವಾ?" ಅಂದಿದ್ದಕ್ಕೆ ಉತ್ತರ ಇದೇ ಅಂತ ನನಗನ್ನಿಸಿತು. ಆಟ ಹೇಳಿಕೊಡೋದರಲ್ಲಿ ವ್ಯತ್ಯಾಸ ಕಮ್ಮಿ. ಆಟದ ಹೊರಗಿನ ಕೆಲಸದಲ್ಲಿ ವ್ಯತ್ಯಾಸ ಜಾಸ್ತಿ. ಹುಡುಗರ ಕೋಚಿಗೆ ಒಂದು ಕೆಲಸ. ಹುಡುಗಿಯರ ಕೋಚಿಗೆ ಎರಡು: ಒಂದು ಆಟ ಕಲಿಸೋದು, ಇನ್ನೊಂದು ಅವರು ಗ್ರೌಂಡಿಗೆ ಬರೋ ಹಾಗೆ ನೋಡಿಕೊಳ್ಳೋದು. ಎರಡನೆಯದು ಆಗದಿದ್ದರೆ ಮೊದಲನೆಯದಕ್ಕೆ ಅವಕಾಶವೇ ಇಲ್ಲ.

ಆಟ ಕಲಿಸೋದೇ ಬೇರೆ ಬೇರೆ ವಿದ್ಯೆ ಆಗಿದ್ದರೆ ಒಬ್ಬರು ಎರಡೂ ಕಡೆ ಕೆಲಸ ಮಾಡೋಕೆ ಆಗ್ತಿರಲಿಲ್ಲ. ಫ್ರಾನ್ಸಿನ ಕೊರೀನ್ ಡಿಯಾಕ್ರ್ 2014ರಿಂದ ಕ್ಲೆರ್ಮಾಂ ಅನ್ನೋ ಗಂಡಸರ ತಂಡವನ್ನು ಅಲ್ಲಿನ ಎರಡನೇ ಡಿವಿಜನ್ನಿನಲ್ಲಿ ಕೋಚ್ ಮಾಡಿ, 2017ರಲ್ಲಿ ದೇಶದ ಮಹಿಳಾ ತಂಡಕ್ಕೆ ಬಂದ್ರು. ಹಾಂಗ್‌ಕಾಂಗ್‌ನ ಚಾನ್ ಯುಯೆನ್-ಟಿಂಗ್ 2016ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ಈಸ್ಟರ್ನ್ ಅನ್ನೋ ಗಂಡಸರ ತಂಡಕ್ಕೆ ಲೀಗ್ ಗೆಲ್ಲಿಸಿಕೊಟ್ಟರು. ಇನ್ನೂ ಹತ್ತಿರದ ಉದಾಹರಣೆ ಬೇಕಾದ್ರೆ, 2020ರಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ಗೆದ್ದ ಗೋಕುಲಂ ಕೇರಳ ತಂಡದ ಕೋಚ್ ಪಿ.ವಿ. ಪ್ರಿಯಾ. ಇದನ್ನು ಕೇಳಿ ಚೇಟನಿಗೆ ಬಹಳ ಖುಷಿ. ಪ್ರಿಯಾ ಒಬ್ಬರು ಹೆಂಗಸು ಅನ್ನೋದಕ್ಕಿಂತ ಅವರು ಕಣ್ಣೂರಿನವರು ಅನ್ನೋದಕ್ಕೆ!

ನಮ್ಮ ರಾಜ್ಯದ ಸಾಧನೆಯೂ ಕಮ್ಮಿ ಇಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕದ ಗಂಡಸರು 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದರು. ಪೇಪರಲ್ಲಿ ಫೋಟೋ ಬಂತು, ಊರಲ್ಲಿ ಅದರ ಮಾತೂ ನಡೀತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಹುಡುಗಿಯರು ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ಆಡಿದ್ರು. ನಮ್ಮ ಗ್ರೌಂಡಿನಲ್ಲಿ ಕೇಳಿದೆ, ಇಪ್ಪತ್ತೈದು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನೀವು ಇದನ್ನು ಓದ್ತಾ "ಹಳ್ಳಿ ಕಥೆ" ಅಂದುಕೊಂಡರೆ, ಒಂದು ಸಂಜೆ ನಮ್ಮ ಕಾಲೇಜಿನ ಗ್ರೌಂಡಿಗೇ ಬಂದು ನೋಡಿ. ಹುಡುಗರ ಟೀಮು, ಹುಡುಗಿಯರ ಟೀಮು ಎರಡಕ್ಕೂ ಒಬ್ಬರೇ ಪಿ.ಡಿ. ಸರ್. ಅವರು ಎರಡೂ ಟೀಮಿಗೆ ಒಂದೇ ಡ್ರಿಲ್ ಮಾಡಿಸ್ತಾರೆ, ಒಂದೇ ಥರ ಬೈತಾರೆ. ಅದರಲ್ಲಿ ನನಗೇನೂ ತಕರಾರಿಲ್ಲ, ಬದಲಿಗೆ ಖುಷಿಯೇ. ಆದ್ರೆ ಲ್ಯಾಬ್ ಮುಗಿಯೋದು ನಾಲ್ಕೂವರೆಗೆ. ಐದರಿಂದ ಆರರವರೆಗೆ ಗ್ರೌಂಡು ಹುಡುಗರದ್ದು, ಆರರಿಂದ ಏಳರವರೆಗೆ ನಮ್ಮದು. ಹುಡುಗಿಯರ ಹಾಸ್ಟೆಲ್ ಗೇಟ್ ಆರೂವರೆಗೆ ಮುಚ್ಚುತ್ತದೆ. ಹುಡುಗರ ಹಾಸ್ಟೆಲ್ ಗೇಟ್ ಒಂಬತ್ತಕ್ಕೆ. ಅಡಿಕೆ ಬುಟ್ಟಿ ಇಲ್ಲ, ಆನೆ ಇಲ್ಲ, ಲೆಕ್ಕ ಮಾತ್ರ ಅದೇ ಅರ್ಧ ಗಂಟೆ. ಎರಡು ಸ್ಲಾಟನ್ನು ಅದಲುಬದಲು ಮಾಡಿದರೆ ಯಾರಿಗೂ ನಯಾಪೈಸೆ ಖರ್ಚಿಲ್ಲ. ಅದಕ್ಕೆ ಒಂದು ಮನವಿ ಬರೆದಿದ್ದೇವೆ. ನಮ್ಮ ಟೀಮಿನ ಹದಿಮೂರು ಜನ ಸಹಿ ಹಾಕಿದ್ದೇವೆ, ಹುಡುಗರ ಟೀಮಿನ ಕ್ಯಾಪ್ಟನ್ ಕೂಡ ಹಾಕಿದ್ದಾನೆ. ಹಾಳೆಯಲ್ಲಿ ಇನ್ನೂ ಜಾಗ ಇದೆ, ಲೈಬ್ರರಿ ಹತ್ರ ಸಿಕ್ಕಿದರೆ ಕೇಳ್ತೀನಿ.

ಊರಿನ ಕಡೆಯ ಸುದ್ದಿ ಏನಂದ್ರೆ, ಕೀಪರ್ ಹುಡುಗಿ ಬುಧವಾರ ಶನಿವಾರ ಬಂದಳು, ಪರೀಕ್ಷೆಯನ್ನೂ ಬರೆದಳು. ಈಗ ಪಿಯುಸಿಗೆ ಎಲ್ಲಿ ಸೇರಿಸೋದು ಅಂತ ಮನೆಯಲ್ಲಿ ಚರ್ಚೆ. ಹೋದ ವಾರ ಅವಳಮ್ಮ ನನಗೆ ಫೋನ್ ಮಾಡಿ, ಸೈನ್ಸ್ ಚೆನ್ನಾಗಿರೋ ಕಾಲೇಜು ಯಾವುದು, ಹಾಸ್ಟೆಲ್ ಹೇಗೆ ಅಂತೆಲ್ಲ ಕೇಳಿದ್ರು. ಇಡೋ ಮೊದಲು ಸ್ವಲ್ಪ ತಡೆದು, "ಮತ್ತೆ ಅವಳು ಕೇಳು ಅಂತಿದ್ದಾಳೆ, ಅಲ್ಲಿ ಹುಡುಗೀರ ಫುಟ್‌ಬಾಲ್ ಇದ್ಯಾ?" ಅಂದ್ರು.

ಇಲ್ಲಿಯವರೆಗೆ ಮೂರು ಕಾಲೇಜಿಗೆ ಫೋನ್ ಮಾಡಿದ್ದೇನೆ. ಮೂರರಲ್ಲೂ ಥ್ರೋಬಾಲ್ ಇದೆ ಅಂದ್ರು. ನಾಲ್ಕನೆಯದಕ್ಕೆ ನಾಳೆ ಮಾಡ್ತೀನಿ.